ಟಿಟ್ಟಿಭಕ್ಕೆ ಸಿಕ್ಕ ಮರ್ಯಾದೆ

ಕಡಲ ನಡುವಿನ ದ್ವೀಪವೊಂದರ ಗಾಲ್ಫ್ ಮೈದಾನದಲ್ಲಿ ಟಿಟ್ಟಿಭ ಹಕ್ಕಿಯೊಂದು ಬರಿನೆಲದ ಮೇಲೆ ನಾಲ್ಕು ಮೊಟ್ಟೆ ಇಟ್ಟಿತು. ಹುಲ್ಲು ಕತ್ತರಿಸುವ ಯಂತ್ರ ಅವುಗಳ ಮೇಲೆ ಹರಿದೀತೆಂದು ಮಾಲಿ ತನಿಯಪ್ಪ ಸುತ್ತಲೂ ನಾಲ್ಕು ಕೆಂಪು ಬಾವುಟ ನೆಟ್ಟ. ಆಟಗಾರರೂ ಆ ಜಾಗವನ್ನು ಬಿಟ್ಟು ಸುತ್ತಿಕೊಂಡೇ ನಡೆದರು.

"ನನ್ನ ಮನೆಗೆ ಎಂಥ ಮರ್ಯಾದೆ ನೋಡಿದೆಯಾ!" ಎಂದು ಟಿಟ್ಟಿಭ ಅಲ್ಲೇ ಹುಳು ಹೆಕ್ಕುತ್ತಿದ್ದ ಬೆಳ್ಳಕ್ಕಿಯೊಂದಕ್ಕೆ ಹೇಳಿ, ನಿಶ್ಚಿಂತೆಯಿಂದ ನೀರು ಕುಡಿಯಲು ಕೊಳಕ್ಕೆ ಹೋಯಿತು.

ಹಿಂತಿರುಗಿದಾಗ ಕಾಗೆಯೊಂದು ಮೂರನೆಯ ಮೊಟ್ಟೆಯನ್ನು ಮುಗಿಸಿ ಹುಲ್ಲಿಗೆ ಕೊಕ್ಕು ಒರೆಸುತ್ತಿತ್ತು.

ಟಿಟ್ಟಿಭ ರೆಕ್ಕೆ ಬಡಿಯುತ್ತ ಓಡಿಬಂತು. "ಇಷ್ಟು ವರ್ಷ ಯಾರಿಗೂ ಕಾಣದ ಗೂಡು ನಿನಗೆ ಹೇಗೆ ಕಂಡಿತು?"

"ನಿನ್ನ ಮೊಟ್ಟೆಗಳು ಥೇಟ್ ಜಲ್ಲಿಕಲ್ಲು. ಮೂರು ವರ್ಷ ಇಲ್ಲೇ ಹಾರಾಡಿದರೂ ನನಗೆ ಗೊತ್ತಾಗಲಿಲ್ಲ," ಎಂದಿತು ಕಾಗೆ ವಿನಯದಿಂದ. "ಈ ಸಲ ಬಾವುಟ ಕಂಡು, ಏನೋ ಒಳ್ಳೆಯದಿರಬೇಕು ಎಂದುಕೊಂಡು ಇಳಿದೆ."

ಟಿಟ್ಟಿಭ ಕಿರುಚುತ್ತ ಕಾಗೆಯ ಮೇಲೆರಗಿತು.

ಅಷ್ಟರಲ್ಲಿ ತನಿಯಪ್ಪ ಓಡಿಬಂದು ಕಾಗೆಯನ್ನು ಅಟ್ಟಿದ. ಒಡೆದ ಚಿಪ್ಪುಗಳನ್ನು ಕಂಡು ಅವನ ಕಣ್ಣು ತುಂಬಿತು. "ಅಯ್ಯೋ, ಒಂದಾದರೂ ಉಳಿಯಿತಲ್ಲ!" ಎಂದು, ಆ ಒಂದೇ ಮೊಟ್ಟೆಯ ಸುತ್ತ ಇನ್ನೂ ಆರು ಬಾವುಟ ನೆಟ್ಟು ಹೋದ.