ಚಪ್ಪಡಿಯ ಕೆಳಗಿನ ತಿಪ್ಪೆ

"ಗುರುಗಳೇ, ಒಬ್ಬ ಮನುಷ್ಯ ಹಿಂದೆ ಒಂದು ತಪ್ಪು ಮಾಡಿದ್ದಾನೆ. ಅದು ಯಾರಿಗೂ ಗೊತ್ತಿಲ್ಲ. ಈಗ ಅವನು ಒಳ್ಳೆಯವನಾಗಿಯೇ ಬಾಳುತ್ತಿದ್ದಾನೆ. ಆ ತಪ್ಪು ಅಲ್ಲಿಯೇ ಇದ್ದು, ಕಾಲ ಕಳೆದಂತೆ ತಾನಾಗಿ ಕರಗಿಹೋಗುವುದಿಲ್ಲವೇ?"

ಮಠದ ಜಗಲಿಯಲ್ಲಿ ಕುಳಿತು ಶಿಷ್ಯ ಮರುಳಸಿದ್ಧ ಹೀಗೆ ಕೇಳಿದ. ಅದಕ್ಕೆ ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಹಾಲಪ್ಪನೆಂಬ ರೈತನಿದ್ದ. ತುಂಬಿದ ಮನೆ, ತುಂಬಿದ ಕೊಟ್ಟಿಗೆ. ಎಲ್ಲರ ಮನೆಗಿದ್ದಂತೆ ಅವನ ಮನೆಯ ಮಗ್ಗುಲಿಗೂ ಒಂದು ತಿಪ್ಪೆ ಇತ್ತು. ಸಗಣಿ, ಗಂಜಲ, ದನ ತಿಂದುಳಿಸಿದ ಮೇವು, ಅಡುಗೆಮನೆಯ ಸಿಪ್ಪೆ, ಹಳಸಿದ ಅನ್ನ, ಎಲ್ಲವೂ ಅದಕ್ಕೇ ಬೀಳುತ್ತಿತ್ತು. ವರ್ಷಕ್ಕೊಮ್ಮೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು.

ಒಂದು ದಿನ ಹಾಲಪ್ಪನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದರು. ಅವರಲ್ಲೊಬ್ಬರು ತಿಪ್ಪೆಯನ್ನು ಕಂಡು ಮೂಗಿಗೆ ಸೆರಗು ಹಿಡಿದರು. ಸಂಬಂಧವೇನೋ ಕುದುರಿತು. ಆದರೆ ಆ ಸೆರಗು ಹಾಲಪ್ಪನ ಮನಸ್ಸಿನಿಂದ ಇಳಿಯಲಿಲ್ಲ. ತನ್ನ ಮನೆಯಲ್ಲಿ ಹೊಲಸು ಕಣ್ಣಿಗೆ ಬೀಳಕೂಡದು ಎಂದು ನಿಶ್ಚಯಿಸಿದ. ಕೊಟ್ಟಿಗೆಯ ಹಿಂದೆ ಎರಡಾಳು ಆಳದ ಗುಂಡಿ ತೋಡಿಸಿದ. ಇಡೀ ತಿಪ್ಪೆಯನ್ನು ಅದಕ್ಕೆ ತಳ್ಳಿಸಿದ. ಮೇಲೆ ಕಲ್ಲಿನ ಚಪ್ಪಡಿ ಹಾಸಿ ಮಣ್ಣು ಮೆತ್ತಿಸಿದ. ದಿನದ ಕಸ ಹಾಕಲು ಒಂದು ಕಿಂಡಿ ಮಾತ್ರ ಬಿಡಿಸಿದ.

ಅವನ ಕೊಟ್ಟಿಗೆಯಲ್ಲಿ ಕೆಂಚವ್ವನೆಂಬ ಮುದುಕಿ ಕೆಲಸ ಮಾಡುತ್ತಿದ್ದಳು. ಹಾಲಪ್ಪನ ತಂದೆಯ ಕಾಲದಿಂದಲೂ ತಿಪ್ಪೆ ನೋಡಿಕೊಂಡವಳು ಅವಳೇ. ಅವಳು ಹೇಳಿದಳು: "ಗೌಡರೇ, ಕಸಕ್ಕೂ ಗಾಳಿ ಬೇಕು. ಹೀಗೆ ಮುಚ್ಚಿದರೆ ಗೊಬ್ಬರವಾಗುವುದಿಲ್ಲ, ಕೊಳೆಯುತ್ತದೆ."

"ಕೊಳೆಯಲಿ ಬಿಡು. ಕಾಣದಿದ್ದರೆ ಸಾಕು" ಎಂದ ಹಾಲಪ್ಪ.

ಅಂಗಳ ಕನ್ನಡಿಯಂತಾಯಿತು. ನೋಡಿದವರು ಹೊಗಳಿದರು.

ಆ ವರ್ಷ ಮಳೆ ಜೋರಾಗಿತ್ತು. ಗುಂಡಿಯಿಂದ ಇಪ್ಪತ್ತು ಹೆಜ್ಜೆಗೆ ಒಂದು ಬಾವಿ ಇತ್ತು. ಬಾವಿ ಹಾಲಪ್ಪನದು. ಪಕ್ಕದ ಮನೆಯ ಚೌಡಪ್ಪನೂ ಅದರ ನೀರನ್ನೇ ಸೇದುತ್ತಿದ್ದ. ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಹಾಲಪ್ಪ ಬಾಯಿ ಮುಕ್ಕಳಿಸಲು ನೀರು ತೆಗೆದುಕೊಂಡ. ನೀರು ನಾರಿತು, ಗುಂಡಿಯ ವಿಷಯ ಬಲ್ಲವನ ಮೂಗಿಗಷ್ಟೇ ತಿಳಿಯುವಷ್ಟು. ಅವನು ಗುಂಡಿಯ ಕಡೆ ನೋಡಿದ. ಆಮೇಲೆ ಯಾರಾದರೂ ತನ್ನನ್ನು ನೋಡಿದರೋ ಎಂದು ಸುತ್ತಲೂ ನೋಡಿದ.

ಎರಡು ದಿನ ಕಳೆದು ಅವನ ಮಗನಿಗೆ ವಾಂತಿಭೇದಿ ಹಿಡಿಯಿತು. ಹಾಲಪ್ಪ ಹೆಂಡತಿಯನ್ನು ಕರೆದು, ಕೆರೆ ಹತ್ತಿರದ ಕೊಳವೆಬಾವಿಯ ನೀರು ಅವ್ವನ ಮಂಡಿನೋವಿಗೆ ಒಳ್ಳೆಯದಂತೆ, ಇನ್ನು ಕುಡಿಯಲು ಅದನ್ನೇ ತರಿಸೋಣ ಎಂದ. ಮಗ ಚೇತರಿಸಿಕೊಂಡ. ಮನೆಯವರು ಯಾರೂ ಏನೂ ಕೇಳಲಿಲ್ಲ. ಚೌಡಪ್ಪನಿಗೆ ಹಾಲಪ್ಪ ಏನೂ ಹೇಳಲಿಲ್ಲ. ಹೇಳಬೇಕಾದರೆ ಕಾರಣವನ್ನೂ ಹೇಳಬೇಕಾಗುತ್ತಿತ್ತು. ಕಾರಣ ಹೇಳಿದರೆ ಚಪ್ಪಡಿ ಎತ್ತಬೇಕಾಗುತ್ತಿತ್ತು. ನಾಲ್ಕು ದಿನ ಬಿಸಿಲು ಬಿದ್ದರೆ ನೀರು ತಾನೇ ತಿಳಿಯಾಗುತ್ತದೆ ಎಂದುಕೊಂಡ.

ಒಂದು ತಿಂಗಳು ಕಳೆಯಿತು. ದಿನವೂ ಚೌಡಪ್ಪನ ಮನೆಯ ಕೊಡ ಬಾವಿಗೆ ಇಳಿಯುವ ಸದ್ದು ಅವನಿಗೆ ಕೇಳಿಸುತ್ತಿತ್ತು. ಮೊದಮೊದಲು ಆ ಹೊತ್ತಿಗೆ ಹೊಲಕ್ಕೆ ಹೊರಟುಬಿಡುತ್ತಿದ್ದ. ಆಮೇಲೆ ಹೊಲದಲ್ಲಿದ್ದರೂ ಆ ಸದ್ದು ಕೇಳಿಸತೊಡಗಿತು.

ಚೌಡಪ್ಪನ ಮಗಳು ಹೊನ್ನಮ್ಮ ಹೆರಿಗೆಗೆಂದು ತವರಿಗೆ ಬಂದಿದ್ದಳು. ಎಂಟು ತಿಂಗಳ ಬಸುರಿ. ಅವಳು ವಾಂತಿಭೇದಿಯಾಗಿ ಮಲಗಿದಳೆಂದು ಸುದ್ದಿ ಬಂತು. ಹಾಲಪ್ಪ ನೋಡಲು ಹೋದ. ಅವಳ ಕಣ್ಣುಗಳು ಗುಳಿಬಿದ್ದಿದ್ದವು. ತುಟಿ ಬಿರಿದಿತ್ತು. ಚೌಡಪ್ಪ ತಲೆದೆಸೆಯಲ್ಲಿ ಚೊಂಬು ಹಿಡಿದು ಕುಳಿತಿದ್ದ.

"ಬಾ ಹಾಲಪ್ಪಣ್ಣ" ಎಂದ ಚೌಡಪ್ಪ. "ಎರಡು ದಿನದಿಂದ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲ. ನೀರನ್ನಾದರೂ ಬಿಡದೆ ಕುಡಿಸು ಎಂದಿದ್ದಾರೆ ವೈದ್ಯರು. ಗಳಿಗೆಗೊಂದು ಲೋಟ ನಿನ್ನ ಬಾವಿಯದೇ ಕೊಡುತ್ತಿದ್ದೇನೆ. ನೀನು ಪುಣ್ಯಾತ್ಮ."

ಚೌಡಪ್ಪ ಲೋಟ ತುಂಬಿದ. ಮಗಳ ಕತ್ತಿನ ಕೆಳಗೆ ಕೈಯಿಟ್ಟು ಎತ್ತಿದ. ಲೋಟ ಅವಳ ತುಟಿಗೆ ತಾಗಿತು.

ಹಾಲಪ್ಪ ಕೈ ಬೀಸಿ ಲೋಟವನ್ನು ಕೆಡವಿದ.

"ಕುಡಿಸಬೇಡ! ನನ್ನ ಗುಂಡಿಯ ಕೊಳೆ ಬಾವಿಗೆ ಇಳಿದಿದೆ."

"ಈಗ ಗೊತ್ತಾಯಿತೇ?"

"ಇಲ್ಲ. ಒಂದು ತಿಂಗಳಾಯಿತು."

ಚೌಡಪ್ಪ ಅವನನ್ನೇ ನೋಡಿದ. ಮಗಳನ್ನು ಎತ್ತಿಕೊಂಡು ಹೊರಗೆ ಬಂದ. ಸಿಕ್ಕ ಗಾಡಿಯಲ್ಲಿ ಮಲಗಿಸಿ ಪೇಟೆಯ ಆಸ್ಪತ್ರೆಗೆ ಹೊರಟ.

ಹಾಲಪ್ಪ ಹಾರೆ ಹಿಡಿದು ಕೊಟ್ಟಿಗೆಯ ಹಿಂದಕ್ಕೆ ಓಡಿದ. ಅಷ್ಟರಲ್ಲಿ ಸುದ್ದಿ ಹಬ್ಬಿ ಜನ ಸೇರಿದ್ದರು. ಎಲ್ಲರೆದುರು ಅವನು ಚಪ್ಪಡಿ ಮೀಟಿದ. ನಾತಕ್ಕೆ ಮುಂದಿದ್ದವರು ಹಿಂದೆ ಸರಿದರು. ಒಳಗೆ ಕಪ್ಪಗೆ ಗುಳ್ಳೆ ಏಳುತ್ತಿತ್ತು. ವರ್ಷದ ಕಸದಲ್ಲಿ ಒಂದು ಹಿಡಿಯೂ ಗೊಬ್ಬರವಾಗಿರಲಿಲ್ಲ. ಹಾಲಪ್ಪ ಏಣಿ ಇಳಿಬಿಟ್ಟ. ಇದು ನನ್ನ ಹೊಲಸು, ನಾನೇ ಬಾಚುತ್ತೇನೆ ಎಂದು ಕಾಲಿಟ್ಟ.

ಕೆಂಚವ್ವ ಹಿಂದಿನಿಂದ ಅವನ ಅಂಗಿ ಹಿಡಿದು ಎಳೆದಳು. "ನೆಲದೊಳಗೆ ಜೋಳ ತುಂಬಿಟ್ಟ ಹಗೇವು ತೆರೆದ ಕೂಡಲೇ ಇಳಿದ ನನ್ನ ಗಂಡ ಜೀವಂತ ಮೇಲೆ ಬರಲಿಲ್ಲ. ಅವನನ್ನು ಎತ್ತಲು ಹೋದ ಮೈದುನನೂ ಬರಲಿಲ್ಲ. ಹಗೇವಿನಲ್ಲಿ ಇದ್ದದ್ದು ಬರೀ ಕಾಳು, ಅದರ ಮುಚ್ಚಿದ ಗಾಳಿಗೇ ಸತ್ತರು. ಇದರಲ್ಲಿ ಇರುವುದು ವಿಷದ ಗಾಳಿ. ಸಾಯುವುದು ಸುಲಭ, ಗೌಡರೇ. ನೀವು ಸತ್ತರೆ ಇದನ್ನು ಬಾಚುವವರು ಯಾರು?"

ಹಾಲಪ್ಪ ಕಾಲು ಹಿಂತೆಗೆದ.

ಯಾರೂ ಇಳಿಯಲಿಲ್ಲ. ಚಪ್ಪಡಿಗಳನ್ನೆಲ್ಲ ತೆಗೆದು ಗುಂಡಿಯನ್ನು ಬಿಸಿಲಿಗೆ ಬಿಟ್ಟರು. ಉದ್ದನೆಯ ಬಿದಿರು ಗಳುವಿನ ತುದಿಗೆ ಕೊಕ್ಕೆ ಕಟ್ಟಿ, ಹಗ್ಗಕ್ಕೆ ಬಕೆಟ್ಟು ಕಟ್ಟಿ, ಮೇಲೆ ನಿಂತೇ ಒಂಬತ್ತು ದಿನ ಎತ್ತಿ ಹಾಕಿದರು. ಅದನ್ನು ಬಾವಿಯಿಂದ ದೂರ, ರಸ್ತೆಗೆ ಕಾಣುವ ಎತ್ತರದ ಜಾಗದಲ್ಲಿ ಹಾಕಬೇಕಾಯಿತು. ಅವನ ಬಳಿ ಬೇರೆ ಜಾಗವಿರಲಿಲ್ಲ.

ಕೆಂಚವ್ವ ಹೇಳಿದಂತೆ ಹಾಲಪ್ಪ ಮಾಡಿದ. ಕೆಳಗೆ ತೊಗರಿ ಕಡ್ಡಿ. ಅದರ ಮೇಲೆ ಗೇಣುದ್ದ ಒಣ ಎಲೆ, ಕಬ್ಬಿನ ರವದಿ. ಅದರ ಮೇಲೆ ತೆಳ್ಳಗೆ ಈ ಕೊಳೆ. ಅದರ ಮೇಲೆ ಒಂದು ಪದರ ಹೊಲದ ಮಣ್ಣು, ಒಂದಿಷ್ಟು ಬೂದಿ. ಮತ್ತೆ ಎಲೆ, ಮತ್ತೆ ಕೊಳೆ. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈಗೆ ತೇವ ಹತ್ತಬೇಕು, ಅಷ್ಟೇ. ಹೋಗಿ ಬರುವವರು ಮೂಗು ಮುಚ್ಚಿಕೊಂಡರು. ಕೆಲವರು ನಿಂತು ನೋಡಿದರು. ಹಾಲಪ್ಪ ತಲೆ ಎತ್ತದೆ ಸಲಿಕೆ ಆಡಿಸಿದ.

ಗುಡ್ಡೆ ಹಾಕಿ ಮುಗಿಸಿದ ಆರನೆಯ ದಿನ ಅದರೊಳಗೆ ಕೈ ತೂರಿಸಿದವನು ಬೆಚ್ಚಿ ಹಿಂದೆಗೆದ. ಒಳಗೆ ಸುಡುತ್ತಿತ್ತು. "ಹೆದರಬೇಡಿ, ಬೇಯುತ್ತಿದೆ. ತಿರುವಿ ಹಾಕಿ" ಎಂದಳು ಕೆಂಚವ್ವ. ಹದಿನೈದು ದಿನಕ್ಕೊಮ್ಮೆ ಅವನು ಇಡೀ ಗುಡ್ಡೆಯನ್ನು ತಿರುವಿದ. ಮೇಲಿನದನ್ನು ಒಳಕ್ಕೆ ಹಾಕಿದ, ಒಳಗಿನದನ್ನು ಹೊರಕ್ಕೆ ಹಾಕಿದ. ಮೂರನೆಯ ಸಲಕ್ಕೆ ನಾತ ಅಡಗಿತು.

ಹೊನ್ನಮ್ಮ ಎಂಟು ದಿನ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡಳು. ಮಗು ದಿನ ತುಂಬುವ ಮೊದಲೇ ಹುಟ್ಟಿತು. ಅಂಗೈಯಷ್ಟು ಇತ್ತು. ಹಾಲಪ್ಪ ನೋಡಲು ಹೋದಾಗ ಚೌಡಪ್ಪ ಬಾಗಿಲು ಹಾಕಿಕೊಂಡ. ಬಾವಿಯ ನೀರನ್ನು ಮೂರು ಸಲ ಬಳಿದು ಸುಣ್ಣ ಹಾಕಿದರು. ಆದರೂ ಒಂದು ವರ್ಷ ಅದರ ನೀರನ್ನು ಯಾರೂ ಕುಡಿಯಲಿಲ್ಲ. ಹಾಲಪ್ಪ ದಿನವೂ ಕೆರೆಯ ಕಡೆಯಿಂದ ನಾಲ್ಕು ಕೊಡ ತಂದು ಚೌಡಪ್ಪನ ಕಟ್ಟೆಯ ಮೇಲಿಟ್ಟು ಬರುತ್ತಿದ್ದ. ಕೆಲವು ದಿನ ಕೊಡ ಇಟ್ಟಲ್ಲೇ ಇರುತ್ತಿತ್ತು. ಕೆಲವು ದಿನ ನೀರನ್ನು ಚೆಲ್ಲಿರುತ್ತಿದ್ದರು. ಅವನು ಮರುದಿನ ಮತ್ತೆ ತುಂಬಿ ತರುತ್ತಿದ್ದ.

ಐದು ತಿಂಗಳಿಗೆ ಗುಡ್ಡೆ ಅರ್ಧಕ್ಕೆ ಇಳಿಯಿತು. ಕಸ ಯಾವುದು, ಸಗಣಿ ಯಾವುದು ಎಂದು ಗುರುತು ಸಿಗುತ್ತಿರಲಿಲ್ಲ. ಎಲ್ಲವೂ ಕಪ್ಪಗೆ ಪುಡಿಪುಡಿಯಾಗಿತ್ತು. ಒಂದು ದಿನ ಹಾಲಪ್ಪ ಅದನ್ನು ಗಾಡಿಗೆ ತುಂಬುತ್ತಿರುವಾಗ ಚೌಡಪ್ಪ ರಸ್ತೆಯಲ್ಲಿ ಬಂದು ನಿಂತ. ಮಗು ಅವನ ಹೆಗಲ ಮೇಲಿತ್ತು. ಅವನು ಬಾಗಿ ಒಂದು ಹಿಡಿ ಗೊಬ್ಬರ ಎತ್ತಿ ಮೂಸಿದ. ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡ.

"ಕೆಳಗಿನ ಹೊಲಕ್ಕೆ ಎರಡು ಗಾಡಿ ಹಾಕು" ಎಂದ.

ಆ ಐದು ತಿಂಗಳಲ್ಲಿ ಅವನು ಹಾಲಪ್ಪನೊಂದಿಗೆ ಆಡಿದ ಮೊದಲ ಮಾತು ಅದು.

ಗುರುಗಳು ಕತೆ ಮುಗಿಸಿದರು. ಮರುಳಸಿದ್ಧ ನೆಲ ನೋಡುತ್ತಾ ಹೇಳಿದ: "ಹಾಲಪ್ಪನಿಂದ ಒಂದು ಮನೆಯೇ ನರಳಿತು, ಗುರುಗಳೇ. ನಾನು ಕೇಳಿದ ಆ ಮನುಷ್ಯನ ಸಂಗತಿ ಹಾಗಲ್ಲ. ಅವನ ತಪ್ಪಿನಿಂದ ಈಗ ಯಾರಿಗೂ ತೊಂದರೆಯಿಲ್ಲ."

ಗುರುಗಳು ಕೇಳಿದರು: "ಹಾಗಾದರೆ ಮೂರು ವರ್ಷದಿಂದ ನೀನು ನಿನ್ನ ಊರಿಗೆ ಏಕೆ ಹೋಗಿಲ್ಲ, ಮರುಳಸಿದ್ಧ?"