ಬಾಗಿಲು ಬಲ್ಲ ಬುಟ್ಟಿ

ನೀಲವ್ವ ಮನೆಯ ಹಿಂದಿನ ಶೆಡ್ಡಿನಲ್ಲಿ ಅಣಬೆ ಬೆಳೆದು, ತಾನೇ ಬೀದಿ ಬೀದಿ ಸುತ್ತಿ ಮಾರುತ್ತಿದ್ದಳು. ಒಂದು ಬೆಳಿಗ್ಗೆ ಹುಲ್ಲು ತುಂಬಿದ ಚೀಲಗಳ ಮೇಲೆ ಅಣಬೆ ತೀರಾ ಕಡಿಮೆ ಎದ್ದಿತ್ತು. ಅದನ್ನು ಕಂಡ ನೀರಿನ ಸ್ಪ್ರೇ ಪಂಪು ತಕ್ಕಡಿಗೆ ಹೇಳಿತು: "ಕೊಯ್ಯುವ ಮುಂಚೆ ಇವುಗಳಿಗೆ ನಾನು ಚೆನ್ನಾಗಿ ನೀರು ಕುಡಿಸುತ್ತೇನೆ. ಭಾರವಾಗುತ್ತವೆ. ನೀನು ಸುಮ್ಮನೆ ತೂಗು."

"ನನ್ನ ಮೇಲೆ ಕೂತದ್ದರ ತೂಕ ಹೇಳುವುದಷ್ಟೇ ನನ್ನ ಕೆಲಸ. ಅದು ಅಣಬೆಯೋ ನೀರೋ ನಾನು ಕೇಳುವುದಿಲ್ಲ," ಎಂದಿತು ತಕ್ಕಡಿ.

ಮೂಲೆಯಲ್ಲಿದ್ದ ಬಿದಿರಿನ ಬುಟ್ಟಿ ಸುಮ್ಮನಿರಲಿಲ್ಲ. "ನೀರು ಕುಡಿದ ಅಣಬೆ ಸಂಜೆಯೊಳಗೆ ಲೋಳೆಯಾಗುತ್ತದೆ. ಆಗ ಉತ್ತರ ಕೊಡುವವರು ಯಾರು?"

"ಸಂಜೆಗೆ ಅದು ಕೊಂಡವರ ಅಡುಗೆಮನೆಯಲ್ಲಿರುತ್ತದೆ. ನಮಗೇನು ನಷ್ಟ?" ಎಂದು ಪಂಪು ನಕ್ಕಿತು.

"ನೀನು ಈ ಶೆಡ್ಡು ಬಿಟ್ಟು ಹೊರಗೆ ಬಂದದ್ದೇ ಇಲ್ಲ. ಅವರ ಬಾಗಿಲಿಗೆ ನಾಳೆಯೂ ಹೋಗಿ ನಿಲ್ಲಬೇಕಾದದ್ದು ನಾನು."

ಅಷ್ಟರಲ್ಲಿ ನೀಲವ್ವ ಒಳಗೆ ಬಂದು ಪಂಪನ್ನೇ ಕೈಗೆತ್ತಿಕೊಂಡಳು. ಪಂಪು ಬೀಗಿತು. ಆದರೆ ಅವಳು ಅದನ್ನು ಮೊಳೆಗೆ ನೇತುಹಾಕಿ, ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು, ಇದ್ದಷ್ಟು ಅಣಬೆಯನ್ನು ಕೊಯ್ದಳು. ಬುಟ್ಟಿ ಅರ್ಧವೂ ತುಂಬಲಿಲ್ಲ.

ಬಿಸಿಲೇರುವ ಮೊದಲೇ ಬುಟ್ಟಿ ಖಾಲಿಯಾಗಿ ಮರಳಿತು.

"ಅರ್ಧ ಬುಟ್ಟಿ ಹೊತ್ತುಕೊಂಡು ಎಷ್ಟು ಬಾಗಿಲು ತಟ್ಟಿದಿರಿ?" ಎಂದು ಪಂಪು ಕುಟುಕಿತು.

"ಒಂದನ್ನೂ ತಟ್ಟಲಿಲ್ಲ," ಎಂದಿತು ಬುಟ್ಟಿ. "'ನಮಗೊಂದಿಷ್ಟು ಉಳಿಸು ನೀಲಕ್ಕಾ' ಎನ್ನುತ್ತ ಅವರೇ ಪಾತ್ರೆ ಹಿಡಿದು ಬೀದಿಗೆ ಬಂದಿದ್ದರು."