ಕುಟ್ ಕುಟ್ ಅಂದದ್ದು ಯಾರು?

ಚೌಡಜ್ಜಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ತಿನ್ನುತ್ತಿದ್ದಳು. ಆ ಕುಟ್ಟಾಣಿ ಕಳೆದೇ ಹೋಯಿತು!

ಕುಟ್ಟಾಣಿ ಇಲ್ಲ, ಎಲೆ ಅಡಿಕೆ ಇಲ್ಲ. ಎಲೆ ಅಡಿಕೆ ಇಲ್ಲ, ಅಜ್ಜಿಗೆ ಕತೆ ಬರಲಿಲ್ಲ. ಕತೆ ಇಲ್ಲ, ಮೊಮ್ಮಗಳು ಚಿಕ್ಕಿಗೆ ನಿದ್ದೆ ಇಲ್ಲ. ಚಿಕ್ಕಿ ಅತ್ತಳು, ಅತ್ತಳು, ಅಳುತ್ತಲೇ ಇದ್ದಳು.

"ನಡಿಯವ್ವಾ, ಸಂತೆಗೆ ಹೋಗಿ ಹೊಸದು ತರೋಣ," ಅಂದ ಅಜ್ಜಿಯ ಮಗ ನಿಂಗಣ್ಣ. ಮೂವರೂ ಕಾರು ಹತ್ತಿದರು.

ದಾರಿ ತುಂಬಾ ಗುಂಡಿ. ಗುಂಡಿಗೆ ಇಳಿದರೆ ಕುಟ್! ಗುಂಡಿಯಿಂದ ಹತ್ತಿದರೆ ಕುಟ್!

"ಇದೇನವ್ವಾ ಸದ್ದು?"

"ನಂಗೇನ್ ಗೊತ್ತಪ್ಪಾ? ಕಾರನ್ನೇ ಕೇಳು."

ಕುಟ್ ಅಂದಾಗಲೆಲ್ಲ ಅಜ್ಜಿಯ ಬಾಯಲ್ಲಿ ನೀರೂರಿತು. ಯಾಕೋ ಏನೋ, ಅಜ್ಜಿಗೇ ತಿಳಿಯಲಿಲ್ಲ.

ನಿಂಗಣ್ಣ ಕಾರು ನಿಲ್ಲಿಸಿದ.

"ಚಕ್ರ, ಚಕ್ರ, ಕುಟ್ ಕುಟ್ ಅಂದದ್ದು ನೀನಾ?"

"ನಾನಲ್ಲಪ್ಪ. ನಾನು ಗರಗರ ಅಂತೀನಿ. ಸ್ಪ್ರಿಂಗನ್ನ ಕೇಳು."

"ಸ್ಪ್ರಿಂಗೇ, ಸ್ಪ್ರಿಂಗೇ, ಚಕ್ರ ಗರಗರ ಅನ್ನುತ್ತೆ. ಕುಟ್ ಕುಟ್ ಅಂದದ್ದು ನೀನಾ?"

"ನಾನಲ್ಲಪ್ಪ. ನಾನು ಕಿರ್ರಕಿರ್ರ ಅಂತೀನಿ. ಸ್ಟೇರಿಂಗನ್ನ ಕೇಳು."

ನಿಂಗಣ್ಣ ತಲೆ ಕೆರೆದುಕೊಂಡ.

"ಸ್ಟೇರಿಂಗೇ, ಸ್ಟೇರಿಂಗೇ, ಸ್ಪ್ರಿಂಗ್ ಕಿರ್ರಕಿರ್ರ ಅನ್ನುತ್ತೆ, ಚಕ್ರ ಗರಗರ ಅನ್ನುತ್ತೆ. ಕುಟ್ ಕುಟ್ ಅಂದದ್ದು ನೀನಾ?"

"ನಾನಲ್ಲಪ್ಪ. ನಾನು ಗಡಗಡ ನಡುಗ್ತೀನಿ. ಡಿಕ್ಕಿಯನ್ನ ಕೇಳು."

ಪಾಪ, ನಿಂಗಣ್ಣನಿಗೆ ತಲೆಯೇ ಕೆಟ್ಟುಹೋಯಿತು. ಕಾರಿನ ಹಿಂದಕ್ಕೆ ಹೋದ.

"ಡಿಕ್ಕೀ, ಡಿಕ್ಕೀ, ಸ್ಟೇರಿಂಗ್ ಗಡಗಡ ನಡುಗುತ್ತೆ, ಸ್ಪ್ರಿಂಗ್ ಕಿರ್ರಕಿರ್ರ ಅನ್ನುತ್ತೆ, ಚಕ್ರ ಗರಗರ ಅನ್ನುತ್ತೆ. ಕುಟ್ ಕುಟ್ ಅಂದದ್ದು ನೀನಾ?"

"ಉಂ... ಉಂ..." ಅಂದಿತು ಡಿಕ್ಕಿ.

ಬಾಯಿ ಮುಚ್ಚಿಕೊಂಡು ಮಾತಾಡೋದು ಹೇಗೆ ಮಕ್ಕಳೇ? ನಿಂಗಣ್ಣ ಡಿಕ್ಕಿಯ ಬಾಯಿ ತೆಗೆದ. ಒಳಗೇನಿತ್ತು?

ಕುಟ್ಟಾಣಿ!

"ಅಯ್ಯೋ ನನ್ ಮರೆವೇ! ನಿನ್ನೆ ಮಗಳ ಮನೆಯಿಂದ ಬರೋವಾಗ ಗಂಟಿನಿಂದ ಜಾರಿಬಿಟ್ಟಿದೆ!" ಅಂದಳು ಅಜ್ಜಿ. ಅವಳಿಗೆ ಎಷ್ಟು ಖುಷಿ ಅಂತೀರಿ!

ಡಿಕ್ಕಿ ಕುಟ್ಟಾಣಿ ಕೊಟ್ಟಿತು. ಕುಟ್ಟಾಣಿ ಎಲೆ ಅಡಿಕೆ ಕೊಟ್ಟಿತು. ಎಲೆ ಅಡಿಕೆ ಅಜ್ಜಿಗೆ ಕತೆ ಕೊಟ್ಟಿತು. ಕತೆ ಚಿಕ್ಕಿಗೆ ನಿದ್ದೆ ಕೊಟ್ಟಿತು.

ಕಾರು ಮನೆ ಕಡೆ ತಿರುಗಿತು. ಸ್ಟೇರಿಂಗ್ ಗಡಗಡ. ಸ್ಪ್ರಿಂಗ್ ಕಿರ್ರಕಿರ್ರ. ಚಕ್ರ ಗರಗರ.

ಮತ್ತೆ ಕುಟ್ ಕುಟ್?

ಅದೂ ಇತ್ತು. ಆದರೆ ಡಿಕ್ಕಿಯಲ್ಲಲ್ಲ, ಅಜ್ಜಿಯ ಮಡಿಲಲ್ಲಿ.